ಎದುರಾಳಿ ನುಡಿದ ಸಾಕ್ಷಿ



ಮಹಾವೀರ ಚಕ್ರ ನಮ್ಮ ದೇಶದಲ್ಲಿ ರಣರಂಗದ ಶೌರ್ಯಕ್ಕೆ ಸಲ್ಲುವ ಎರಡನೆಯ ಅತಿ ದೊಡ್ಡ ಪದಕ. ಅದಕ್ಕಿಂತ ಮೇಲಿರುವುದು ಪರಮವೀರ ಚಕ್ರ ಮಾತ್ರ. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಇಂಥ ಪದಕಗಳ ಪಟ್ಟಿ ಹೊರಬೀಳುವುದು ವಾಡಿಕೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ 1965ರ ಸೆಪ್ಟೆಂಬರ್ 7ರ ಮುಂಜಾನೆ ಹೋರಾಡಿ ಮಡಿದರು. ಅವರ ಹೆಸರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಡುವೆ 23 ವರ್ಷ. ಅಷ್ಟರಲ್ಲಿ ದೇಶ ಇನ್ನೊಂದು ಯುದ್ಧ ಮಾಡಿ ಗೆದ್ದಿತ್ತು, ದೇವಯ್ಯ ಹಾರಿಸುತ್ತಿದ್ದ ಜಾತಿಯ ವಿಮಾನಗಳು ವಾಯುಪಡೆಯಿಂದಲೇ ಮರೆಯಾಗಿದ್ದವು, ಅಂದು ಅವರ ನಾಯಕರಾಗಿದ್ದವರು ನಿವೃತ್ತರಾಗಿದ್ದರು.

ಇಷ್ಟು ತಡವಾದದ್ದಕ್ಕೆ ಕಚೇರಿಯ ಕಡತಗಳನ್ನಷ್ಟೇ ದೂರಿದರೆ ನ್ಯಾಯವಾಗದು. ಕಡತಗಳ ಪಾಲೂ ಇದೆ, ಅದಕ್ಕೆ ಆಮೇಲೆ ಬರೋಣ. ಮೂಲ ಕಾರಣ ಬೇರೆ. ದೇವಯ್ಯ ಮಾಡಿದ ಕೆಲಸವನ್ನು ಭಾರತದ ಕಡೆಯವರು ಒಬ್ಬರೂ ಕಣ್ಣಾರೆ ನೋಡಿರಲಿಲ್ಲ. ನೋಡಿ ಬದುಕಿ ಉಳಿದಿದ್ದ ಪೈಲಟ್ ಒಬ್ಬನೇ, ಅವರು ಹೊಡೆದು ಕೆಡವಿದ ವಿಮಾನದ ಪೈಲಟ್. ಹಾಗಾಗಿ ಇಂದಿನ ಉಪನ್ಯಾಸ ಒಬ್ಬ ವೀರನ ಬದುಕಿನ ಬಗ್ಗೆ ಎಷ್ಟೋ, ಒಂದು ಶೌರ್ಯದ ಕೃತ್ಯ ದಾಖಲೆಗೆ ಸೇರುವುದು ಹೇಗೆ ಎಂಬುದರ ಬಗ್ಗೆಯೂ ಅಷ್ಟೇ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಅಜ್ಜಮಾಡ ಅವರ ಒಕ್ಕದ, ಎಂದರೆ ಮನೆತನದ ಹೆಸರು, ಬೋಪಯ್ಯ ತಂದೆಯ ಹೆಸರು. ತಂದೆ ವೈದ್ಯರು. ಕೊಡಗಿನ ಹುಡುಗರಿಗೆ ಸೇನೆ ಹೊಸದಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ನಾಡು ಅದು. ಅವರಿಗೆ ಹದಿನಾರು ತುಂಬಿದ ಮರುತಿಂಗಳು, 1949ರ ಜನವರಿ 15ರಂದು, ಕೊಡಗಿನವರೇ ಆದ ಕಾರ್ಯಪ್ಪ ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ವಯಸ್ಸಿನ ಹುಡುಗನ ಮೇಲೆ ಅಂಥ ಸುದ್ದಿ ಏನು ಮಾಡಿರಬಹುದೆಂದು ಊಹಿಸಲು ಕಷ್ಟವಿಲ್ಲ. ಆದರೆ ದೇವಯ್ಯ ಆರಿಸಿಕೊಂಡದ್ದು ಹಿರಿಯರು ಸವೆಸಿದ ಕಾಲಾಳು ಪಡೆಯ ದಾರಿಯನ್ನಲ್ಲ, ಆಗಿನ್ನೂ ಎರಡೇ ದಶಕ ಹಳೆಯದಾದ ವಾಯುಪಡೆಯನ್ನು. 1954ರಲ್ಲಿ ಪೈಲಟ್ ಅಧಿಕಾರಿಯಾಗಿ ಸೇರಿದರು.

ಸ್ನೇಹಿತರು ಅವರನ್ನು ಕರೆಯುತ್ತಿದ್ದದ್ದು ‘ಟಬ್ಬಿ’ ಎಂದು. ನಮ್ಮ ಕಡೆ ಸಲಿಗೆಯಿಂದ ‘ಗುಂಡ’ ಅಂದ ಹಾಗೆ. ವಾಯುಪಡೆಯಲ್ಲಿ ಇಂಥ ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಅಧಿಕೃತ ಹೆಸರನ್ನೇ ಹಿಂದಿಕ್ಕಿಬಿಡುತ್ತದೆ. ಮದುವೆಯಾಗಿತ್ತು, ಪತ್ನಿ ಸುಂದರಿ, ಇಬ್ಬರು ಹೆಣ್ಣುಮಕ್ಕಳು. 1965ರ ಹೊತ್ತಿಗೆ ಅವರು ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಬೋಧಕರು, ಎಂದರೆ ಎಳೆಯ ಹುಡುಗರಿಗೆ ಹಾರಾಟ ಕಲಿಸುವವರು. ಬೋಧಕನ ಕೆಲಸ ಎಲ್ಲರಿಗೂ ಒಗ್ಗುವಂಥದ್ದಲ್ಲ. ಪಕ್ಕದಲ್ಲಿ ಕೂತವನು ತಪ್ಪು ಮಾಡುತ್ತಲೇ ಇರುತ್ತಾನೆ. ಅದು ಪ್ರಾಣಕ್ಕೆ ಬರುವ ಗಳಿಗೆಯವರೆಗೂ ಕೈ ಹಾಕದೆ ಬಿಡಬೇಕು, ಆ ಗಳಿಗೆ ಬಂದಾಗ ತಡಮಾಡಬಾರದು. ಇದು ತಾಳ್ಮೆಯ ಮಾತಷ್ಟೇ ಅಲ್ಲ. ಒಂದು ವಿಮಾನ ಎಷ್ಟು ಸೆಳೆದರೆ ತಾಳುತ್ತದೆ, ಎಷ್ಟು ವೇಗಕ್ಕೆ ಇಳಿದರೆ ಕುಸಿಯುತ್ತದೆ ಎಂಬ ಲೆಕ್ಕ ಬೋಧಕನ ಬೆರಳ ತುದಿಯಲ್ಲಿರುತ್ತದೆ. ಮುಂದೆ ಬರುವ ಕಥೆಗೆ ಈ ಮಾತು ಬೇಕು.

ಯುದ್ಧದ ವೇಳೆಗೆ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ‘ಟೈಗರ್ಸ್’ ಎಂದು ಹೆಸರಾದ ಈ ತುಕಡಿ ಭಾರತೀಯ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್. ಹುಟ್ಟಿದ್ದು 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ದೇವಯ್ಯನವರಿಗಿಂತ ಮೂರು ತಿಂಗಳು ಚಿಕ್ಕದು. ಕರಾಚಿಯಲ್ಲಿ ಕಣ್ಣು ಬಿಟ್ಟ ತುಕಡಿ ಮೂವತ್ತೆರಡು ವರ್ಷದ ಬಳಿಕ ಪಾಕಿಸ್ತಾನದ ಮೇಲೆ ದಾಳಿಗೆ ಹೊರಡಬೇಕಾಯಿತು.

1965ರ ಸೆಪ್ಟೆಂಬರ್ 1ರಂದು ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗಿದವು. ತಡೆಯಲು ಆ ಸಂಜೆ ಹೋದ ನಮ್ಮ ಹಳೆಯ ವ್ಯಾಂಪೈರ್ ವಿಮಾನಗಳಲ್ಲಿ ನಾಲ್ಕು ಉರುಳಿದವು. 6ರಂದು ನಮ್ಮ ಸೇನೆ ಲಾಹೋರ್ ದಿಕ್ಕಿಗೆ ಗಡಿ ದಾಟಿತು. ಅಂದು ಸಂಜೆಯೇ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ಹತ್ತು ವಿಮಾನಗಳನ್ನು ಸುಟ್ಟುಹಾಕಿದವು. ಆಗಷ್ಟೇ ಬಂದಿದ್ದ ಎರಡು ಮಿಗ್-21 ಕೂಡ ಅದರಲ್ಲಿ ಹೋದವು. ಆ ಸಂಜೆ ವಾಯುಪಡೆಗೆ ಮುಖಭಂಗವಾಯಿತು ಎನ್ನುವುದನ್ನು ಮುಚ್ಚಿಡಬೇಕಾದ್ದಿಲ್ಲ. ಮಾರುತ್ತರ ಮರುದಿನ ಬೆಳಕು ಹರಿಯುವ ಮೊದಲೇ ಹೊರಡಬೇಕಿತ್ತು. ಗುರಿ, ಸರ್ಗೋಧಾ.

ಸರ್ಗೋಧಾ ಪಾಕಿಸ್ತಾನ ವಾಯುಪಡೆಯ ಎದೆಗೂಡು. ದೊಡ್ಡ ನೆಲೆ ಒಂದು, ಸುತ್ತ ಸಣ್ಣ ಇಳಿದಾಣಗಳು. ಆದಂಪುರದಿಂದ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಒಂದನೇ ಸ್ಕ್ವಾಡ್ರನ್ ಬಳಿ ಇದ್ದದ್ದು ಫ್ರಾನ್ಸಿನ ಡಾಸೋ ಕಂಪನಿಯ ಮಿಸ್ಟೇರ್, ಐವತ್ತರ ದಶಕದಲ್ಲಿ ಕೊಂಡದ್ದು. ನೆಲದ ಗುರಿಗೆ ಬಡಿಯಲು ಗಟ್ಟಿಮುಟ್ಟಾದ ವಿಮಾನ. ಶಬ್ದದ ವೇಗದ ಆಸುಪಾಸಿನಲ್ಲೇ ಅದರ ಓಟ ಮುಗಿಯುತ್ತಿತ್ತು. ರಾಡಾರ್ ಕಣ್ಣು ತಪ್ಪಿಸಲು ಮರದ ತುದಿ ಸವರಿಕೊಂಡು ಹೋಗಬೇಕು. ಅಷ್ಟು ಕೆಳಗೆ ಹಾರಿದರೆ ಜೆಟ್ ಎಂಜಿನ್ನು ಇಂಧನವನ್ನು ಕುಡಿದೇ ಕುಡಿಯುತ್ತದೆ. ಹೋಗಿ, ಬಾಂಬು ರಾಕೆಟ್ಟು ಹೊಡೆದು, ಬಂದ ದಾರಿಗೆ ಮರಳಲು ಸಾಕಾಗುವಷ್ಟೇ ಇಂಧನ. ದಾರಿಯಲ್ಲಿ ಯಾರಾದರೂ ತಡೆದರೆ ಅವರ ಜೊತೆ ಸುತ್ತು ಹೊಡೆಯುವ ಪುರಸೊತ್ತು ಯೋಜನೆಯಲ್ಲೇ ಇರಲಿಲ್ಲ.

ಹನ್ನೆರಡು ಮಿಸ್ಟೇರ್ ಹೊರಡುವುದೆಂದು ನಿಗದಿಯಾಯಿತು. ನಾಯಕತ್ವ ಕಮಾಂಡಿಂಗ್ ಅಧಿಕಾರಿ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರದು. ಜೊತೆಗೆ ಮೀಸಲು ವಿಮಾನಗಳು: ಹನ್ನೆರಡರಲ್ಲಿ ಯಾವುದಕ್ಕಾದರೂ ತೊಂದರೆಯಾದರೆ ಜಾಗ ತುಂಬಲು. ದೇವಯ್ಯನವರ ಹೆಸರು ಇದ್ದದ್ದು ಈ ಮೀಸಲು ಪಟ್ಟಿಯಲ್ಲಿ. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನ ಪಾಡು ಇದು. ತಯಾರಿಯಲ್ಲಿ ಒಂದಿಷ್ಟೂ ರಿಯಾಯಿತಿ ಇಲ್ಲ, ನಕ್ಷೆ ಓದಬೇಕು, ಗುರಿ ಬಾಯಿಪಾಠ ಮಾಡಬೇಕು, ಎಂಜಿನ್ ಚಾಲೂ ಮಾಡಿ ಕಾಯಬೇಕು. ಹನ್ನೆರಡೂ ಸರಿಯಾಗಿ ಹೊರಟರೆ ಸುಮ್ಮನೆ ವಾಪಸು. ಅಂದು ಜಾಗ ತೆರವಾಯಿತು, ದೇವಯ್ಯ ಸೇರಿಕೊಂಡರು.

ಹೊರಟಾಗ ಬೆಳಿಗ್ಗೆ 5.28. ಕತ್ತಲು ಪೂರ್ತಿ ಹರಿದಿರಲಿಲ್ಲ. ರೇಡಿಯೋದಲ್ಲಿ ಯಾರೂ ಮಾತಾಡುವ ಹಾಗಿಲ್ಲ. ದಿಕ್ಸೂಚಿ, ಕೈಗಡಿಯಾರ, ತೊಡೆಯ ಮೇಲೆ ಕಟ್ಟಿಕೊಂಡ ನಕ್ಷೆ ಇಷ್ಟೇ ದಾರಿ ತೋರಿಸುವ ಸಾಧನ. ಅರ್ಧ ಗಂಟೆಯಲ್ಲಿ ಸರ್ಗೋಧಾ ಬಂತು. ಮಂಜು ಮುಸುಕಿದ ಮಬ್ಬುಬೆಳಕಿನಲ್ಲಿ ಕೆಲವರಿಗೆ ಗುರಿ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ನೆಲದ ಮೇಲೆ ಎಷ್ಟು ಹಾನಿಯಾಯಿತು ಎಂಬ ಬಗ್ಗೆ ಎರಡೂ ದೇಶಗಳ ಲೆಕ್ಕ ಇವತ್ತಿಗೂ ತಾಳೆಯಾಗುವುದಿಲ್ಲ. ಅದು ಈ ಉಪನ್ಯಾಸದ ವಿಷಯವೂ ಅಲ್ಲ.

ವಿಷಯ ಇರುವುದು ಮರಳುವ ದಾರಿಯಲ್ಲಿ.

ಆ ಹೊತ್ತಿಗೆ ಸರ್ಗೋಧಾದ ಆಕಾಶದಲ್ಲಿ ಪಾಕಿಸ್ತಾನದ ಒಂಬತ್ತನೇ ಸ್ಕ್ವಾಡ್ರನ್ನಿನ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಇದ್ದ. ಅವನು ಹಾರಿಸುತ್ತಿದ್ದದ್ದು ಎಫ್-104 ಸ್ಟಾರ್‌ಫೈಟರ್. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದದ್ದೇ ಹನ್ನೆರಡು, ಆದರೆ ಅವುಗಳ ಹೆಸರು ಕೇಳಿದರೆ ಉಪಖಂಡವೆಲ್ಲ ಬೆರಗಾಗುತ್ತಿದ್ದ ಕಾಲ ಅದು. ಶಬ್ದದ ಎರಡು ಪಟ್ಟು ವೇಗ. ಶಾಖದ ಜಾಡು ಹಿಡಿದು ಹೋಗುವ ಸೈಡ್‌ವೈಂಡರ್ ಕ್ಷಿಪಣಿ. ಮೂಗಿನ ಬಳಿ ಆರು ನಳಿಗೆಯ ವಲ್ಕನ್ ಫಿರಂಗಿ, ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವಂಥದ್ದು. ರೆಕ್ಕೆಗಳೋ ಮೋಟು, ಅವುಗಳ ಮುಂಚೂಣಿಯ ಅಂಚು ಎಷ್ಟು ತೆಳುವೆಂದರೆ ನೆಲದ ಮೇಲಿದ್ದಾಗ ಕೆಲಸಗಾರರ ಕೈ ಕೊಯ್ಯದಿರಲೆಂದು ಅದಕ್ಕೆ ಕವಚ ತೊಡಿಸುತ್ತಿದ್ದರು.

ಈ ಮೋಟು ರೆಕ್ಕೆಯೇ ಅದರ ಬಲ, ಅದೇ ಅದರ ದೌರ್ಬಲ್ಯ. ನೇರವಾಗಿ ಓಡಿದರೆ ಸ್ಟಾರ್‌ಫೈಟರನ್ನು ಹಿಡಿಯುವವರಿಲ್ಲ. ತಿರುಗಬೇಕಾದರೆ ಅದು ಬಲು ದೊಡ್ಡ ಸುತ್ತು ತೆಗೆದುಕೊಳ್ಳುತ್ತದೆ. ವೇಗ ತಗ್ಗಿಸಿ ಕೆಳಗೆ ಬಂದರೆ ಅಗಲ ರೆಕ್ಕೆಯ ಮಿಸ್ಟೇರ್ ಅದರ ಒಳಸುತ್ತಿಗೆ ನುಗ್ಗಬಲ್ಲದು. ಇಬ್ಬರು ಪೈಲಟ್‌ಗಳಿಗೂ ಇದು ಗೊತ್ತಿರುವ ವಿದ್ಯೆಯೇ.

ಅಮ್ಜದ್ ಮೊದಲು ಕ್ಷಿಪಣಿ ಬಿಟ್ಟ. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಆ ಕಾಲದ ಕ್ಷಿಪಣಿಗೆ ಗುರಿ ಹಿಡಿಯುವುದು ಕಷ್ಟ. ಅದು ಹೋಗಿ ಮಣ್ಣಿಗೆ ಬಡಿಯಿತು. ಹತ್ತಿರಕ್ಕೆ ಬಂದು ಫಿರಂಗಿ ಹಾರಿಸಿದ. ಮಿಸ್ಟೇರಿಗೆ ಪೆಟ್ಟು ಬಿತ್ತು. ಇನ್ನು ಇದರ ಕಥೆ ಮುಗಿಯಿತೆಂದು ಅವನಿಗೆ ಅನ್ನಿಸಿರಬೇಕು. ಮುಗಿದಿರಲಿಲ್ಲ. ಏಟು ತಿಂದ ವಿಮಾನವನ್ನು ದೇವಯ್ಯ ಅವನ ಕಡೆಗೇ ತಿರುಗಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಓಡಿಹೋಗುವ ಆಯ್ಕೆ ಅವರ ಮುಂದೆ ನಿಜಕ್ಕೂ ಇತ್ತೇ ಎಂದು ಕೇಳಬಹುದು. ಎರಡು ಪಟ್ಟು ವೇಗದ ವಿಮಾನ ಬೆನ್ನಿಗೆ ಬಿದ್ದಾಗ ಓಟದಿಂದ ಗೆಲ್ಲಲಾಗದು, ಸರಿ. ಆದರೆ ನೆಲಕ್ಕೆ ಅಂಟಿಕೊಂಡು ಅತ್ತಿತ್ತ ಹೊರಳುತ್ತ ಗಡಿಯತ್ತ ಸರಿಯಬಹುದಿತ್ತು. ಅದೃಷ್ಟ ನೆಟ್ಟಗಿದ್ದರೆ ದಾಟಿಬಿಡಬಹುದಿತ್ತು. ಅವರ ಸಂಗಾತಿಗಳೆಲ್ಲ ಅದೇ ದಾರಿಯಲ್ಲಿ ಮನೆ ಸೇರುತ್ತಿದ್ದರು. ದೇವಯ್ಯ ತಿರುಗಿ ನಿಂತದ್ದರಿಂದ ಎರಡು ಪರಿಣಾಮವಾಯಿತು. ಒಂದು, ಸ್ಟಾರ್‌ಫೈಟರ್ ಅವರ ಹಿಂದೆಯೇ ಸಿಕ್ಕಿಹಾಕಿಕೊಂಡಿತು, ಮರಳುತ್ತಿದ್ದ ಬೇರೆಯವರ ಹಿಂದೆ ಹೋಗಲಿಲ್ಲ. ಇನ್ನೊಂದು, ಮರಳುವಷ್ಟು ಇಂಧನ ತನಗೆ ಉಳಿಯದು ಎಂಬುದು ಆ ಗಳಿಗೆಯಲ್ಲೇ ತೀರ್ಮಾನವಾಯಿತು. ಮೊದಲನೆಯದನ್ನು ಅವರು ಯೋಚಿಸಿ ಮಾಡಿದರೆಂದು ಹೇಳಲು ಆಧಾರವಿಲ್ಲ. ಎರಡನೆಯದು ಗೊತ್ತಿರದೆ ಇರಲು ಸಾಧ್ಯವಿಲ್ಲ; ಇಂಧನದ ಮುಳ್ಳು ಕಣ್ಣೆದುರಿಗೇ ಇರುತ್ತದೆ, ಅದೂ ಬೋಧಕನಾಗಿದ್ದವನ ಕಣ್ಣೆದುರಿಗೆ.

ಕಾದಾಟ ಸುತ್ತುಸುತ್ತಿನದಾಯಿತು. ತಿರುಗುವ ಮಿಸ್ಟೇರನ್ನು ಹಿಡಿಯಲು ಅಮ್ಜದ್ ವೇಗ ಇಳಿಸಿದ, ಇಳಿಸಿದ್ದೇ ತನ್ನ ವಿಮಾನದ ದೊಡ್ಡ ಅನುಕೂಲವನ್ನು ಕೈಬಿಟ್ಟ ಹಾಗಾಯಿತು. ಮಿಸ್ಟೇರಿನ ಎರಡು ಫಿರಂಗಿಗಳು 30 ಮಿ.ಮೀ. ಗಾತ್ರದವು. ಗುಂಡು ಕಡಿಮೆ, ಆದರೆ ಒಂದೊಂದೂ ತೂಕದ್ದು. ನಾಲ್ಕಾರು ತಾಗಿದರೆ ಸಾಕು. ತಾಗಿದವು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಆಸನ ಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯನವರ ವಿಮಾನವೂ ನೆಲಕ್ಕೆ ಬಿತ್ತು. ಹೊಲದಲ್ಲಿ ಬಿದ್ದಿದ್ದ ಅವರ ದೇಹವನ್ನು ಆ ಊರಿನ ರೈತರು ಅಲ್ಲೇ ಮಣ್ಣು ಮಾಡಿದರೆಂದು ಆಮೇಲೆ ಪಾಕಿಸ್ತಾನದ ಕಡೆಯಿಂದಲೇ ತಿಳಿದುಬಂತು. ಆಗ ಅವರಿಗೆ ಮೂವತ್ತೆರಡು ವರ್ಷ.

ಆದಂಪುರದಲ್ಲಿ ಇದೊಂದೂ ಗೊತ್ತಿಲ್ಲ. ಮಿಸ್ಟೇರ್‌ಗಳು ಒಂದೊಂದಾಗಿ ಇಳಿದವು. ಒಂದು ಬರಲಿಲ್ಲ. ಅದರ ತೊಟ್ಟಿಯಲ್ಲಿ ಇಂಧನ ಎಷ್ಟು ಹೊತ್ತಿಗೆ ಬರಿದಾಗುತ್ತದೆಂದು ಲೆಕ್ಕ ಹಾಕಿ ಕಾಯುವುದು, ಆ ಹೊತ್ತು ದಾಟಿದ ಮೇಲೆ ಪುಸ್ತಕದಲ್ಲಿ ‘ಕಾಣೆ’ ಎಂದು ಬರೆಯುವುದು, ಯುದ್ಧಕಾಲದಲ್ಲಿ ವಾಯುನೆಲೆಗಳ ದಿನಚರಿಯೇ. ನೆಲದ ಗುಂಡಿಗೆ ಸಿಕ್ಕರೋ, ದಾರಿ ತಪ್ಪಿದರೋ, ಸೆರೆಯಾದರೋ? ಕಾದಾಟವನ್ನು ಚಿತ್ರ ಹಿಡಿಯಲು ವಿಮಾನಗಳಲ್ಲಿ ಫಿರಂಗಿಗೆ ಹೊಂದಿಸಿದ ಕ್ಯಾಮೆರಾ ಇರುತ್ತದೆ. ಆದರೆ ಅದರ ರೀಲು ತೊಳೆಯಬೇಕಾದರೆ ವಿಮಾನ ಮರಳಿ ಬರಬೇಕು. ಮನೆಯವರಿಗೆ ಹೋದದ್ದು ಕಾಣೆಯಾಗಿದ್ದಾರೆ ಎಂಬ ಸುದ್ದಿ. ಅಂಥ ಸುದ್ದಿ ಸಾವಿನ ಸುದ್ದಿಗಿಂತ ಕ್ರೂರ, ಅದಕ್ಕೆ ತಿಥಿಯೂ ಇಲ್ಲ, ಕೊನೆಯೂ ಇಲ್ಲ.

ಅದೇ ದಿನ, ಅದೇ ಸರ್ಗೋಧಾದ ಮೇಲೆ, ಕೊಂಚ ಹೊತ್ತಿನ ಬಳಿಕ ಇನ್ನೊಂದು ಕಾದಾಟ ನಡೆಯಿತು. ಹಲ್ವಾರಾದಿಂದ ಹೋದ ನಮ್ಮ ಹಂಟರ್ ವಿಮಾನಗಳನ್ನು ಪಾಕಿಸ್ತಾನದ ಎಂ.ಎಂ. ಆಲಂ ಎದುರಿಸಿ, ಒಂದು ನಿಮಿಷದೊಳಗೆ ಐದನ್ನು ಉರುಳಿಸಿದೆ ಎಂದು ಹೇಳಿಕೊಂಡ. ಆ ಸಂಖ್ಯೆಯನ್ನು ಭಾರತದ ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ಅವನು ರಾತ್ರೋರಾತ್ರಿ ರಾಷ್ಟ್ರನಾಯಕನಾದ. ಸೆಪ್ಟೆಂಬರ್ 7 ಪಾಕಿಸ್ತಾನದಲ್ಲಿ ಇಂದಿಗೂ ವಾಯುಪಡೆಯ ದಿನ. ಒಂದೇ ದಿನ ಒಂದೇ ಆಕಾಶದಲ್ಲಿ ಒಬ್ಬನ ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿಯಾಯಿತು, ಇನ್ನೊಬ್ಬರದು ಲೆಕ್ಕಕ್ಕೇ ಬರಲಿಲ್ಲ.

ಅಮ್ಜದನ ಸ್ಟಾರ್‌ಫೈಟರ್ ಹೋದದ್ದನ್ನು ಪಾಕಿಸ್ತಾನ ಅಲ್ಲಗಳೆಯುವ ಹಾಗಿರಲಿಲ್ಲ. ಆದರೆ ಕಾರಣವಾಗಿ ಕೊಟ್ಟದ್ದು ಬೇರೆ: ತಾನು ಹೊಡೆದ ಮಿಸ್ಟೇರಿನ ಚೂರುಗಳೇ ಹಾರಿಬಂದು ತಾಗಿದವು ಎಂದು. ಶಬ್ದದ ಎರಡು ಪಟ್ಟು ವೇಗದ ವಿಮಾನವನ್ನು ಹಳೆಯ ಮಿಸ್ಟೇರ್ ಹೊಡೆದುರುಳಿಸಿತು ಎನ್ನುವುದಕ್ಕಿಂತ ಈ ವಿವರಣೆ ಕೇಳಲು ಹಿತ. ಅಮ್ಜದನಿಗೆ ಸಿತಾರಾ-ಎ-ಜುರತ್ ಪದಕವೂ ಬಂತು.

1979ರಲ್ಲಿ ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪುಸ್ತಕ ತಂದ. ಪಾಕಿಸ್ತಾನ ವಾಯುಪಡೆಯ ನೆರವಿನಿಂದ, ಅವರ ದೃಷ್ಟಿಯಿಂದ ಬರೆದ ಪುಸ್ತಕ ಅದು. ಭಾರತದವರು ಅದನ್ನು ಓದಿದ್ದು ಹುಬ್ಬು ಗಂಟಿಕ್ಕಿಕೊಂಡೇ. ಆದರೆ ಅದರಲ್ಲಿ, ಏಟು ತಿಂದಮೇಲೂ ಬಿಡದೆ ತಿರುಗಿ ಬಿದ್ದು ಸ್ಟಾರ್‌ಫೈಟರಿಗೆ ಗುಂಡು ತಾಗಿಸಿದ ಒಬ್ಬ ಹೆಸರಿಲ್ಲದ ಮಿಸ್ಟೇರ್ ಪೈಲಟ್ ಇದ್ದ. ಹೆಸರು ಹಚ್ಚಲು ಪತ್ತೇದಾರಿಕೆ ಬೇಕಾಗಲಿಲ್ಲ. ಆ ನಸುಕಿನ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ. ತನೇಜಾ ತಮ್ಮ ಸಹೋದ್ಯೋಗಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ವಾಯುಪಡೆಗೆ ಮನವಿ ಮಾಡಿಕೊಂಡರು. 1988ರಲ್ಲಿ ಸುಂದರಿ ದೇವಯ್ಯ ಪತಿಯ ಮಹಾವೀರ ಚಕ್ರವನ್ನು ಸ್ವೀಕರಿಸಿದರು.

ಕಡತಗಳ ಪಾಲಿನ ಮಾತು ಇಲ್ಲಿಗೆ. 1965ರಿಂದ 1979ರವರೆಗಿನ ಮೌನಕ್ಕೆ ಯಾರನ್ನೂ ದೂರಬೇಕಾಗಿಲ್ಲ, ಸಾಕ್ಷಿಯೇ ಇರಲಿಲ್ಲ. ಆದರೆ ಪುಸ್ತಕ ಅಚ್ಚಾಗಿ ಅಂಗಡಿಗೆ ಬಂದ ಮೇಲೂ ಒಂಬತ್ತು ವರ್ಷ ಹಿಡಿಯಿತಲ್ಲ, ಅದಕ್ಕೆ ಸಬೂಬು ಹುಡುಕುವುದು ಕಷ್ಟ. ಶತ್ರುವಿನ ಬಾಯಿಂದ ಬಂದ ಹೊಗಳಿಕೆಯನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಇತ್ತೆಂದರೂ, ತನ್ನ ಹೆಮ್ಮೆಯ ವಿಮಾನ ಕಳೆದುಕೊಂಡ ಕಥೆಯನ್ನು ಸುಳ್ಳೇ ಕಟ್ಟಲು ಯಾವ ವಾಯುಪಡೆಗೆ ಆಸೆಯಿರುತ್ತದೆ?

ಹೋಲಿಕೆಗೆ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರನ್ನು ನೆನೆಯಬಹುದು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಬೆಂಗಳೂರಿನ ಎಚ್‌ಎಎಲ್ ತಯಾರಿಸುತ್ತಿದ್ದ ಪುಟ್ಟ ನ್ಯಾಟ್ ವಿಮಾನದಲ್ಲಿ ಹಲವು ಸೇಬರ್‌ಗಳ ಮೇಲೆ ಒಬ್ಬರೇ ಬಿದ್ದು ಮಡಿದವರು. ಅವರಿಗೆ ಪರಮವೀರ ಚಕ್ರ ಬೇಗನೆ ಘೋಷಣೆಯಾಯಿತು. ವಾಯುಪಡೆಗೆ ಸಂದಿರುವ ಪರಮವೀರ ಚಕ್ರ ಅದೊಂದೇ. ಅವರ ಶೌರ್ಯ ಯಾವ ಬಗೆಯಲ್ಲೂ ಕಡಿಮೆಯದಲ್ಲ. ಆದರೆ ಅವರ ಕಾದಾಟ ನಡೆದದ್ದು ನಮ್ಮದೇ ವಾಯುನೆಲೆಯ ನೆತ್ತಿಯ ಮೇಲೆ. ಕೆಳಗಿದ್ದವರು ನೋಡಿದರು, ಅವರ ದನಿಯನ್ನು ರೇಡಿಯೋದಲ್ಲಿ ಕೇಳಿದರು. ದೇವಯ್ಯನವರ ಸುತ್ತ ಇದ್ದದ್ದು ಪರದೇಶದ ಹೊಲಗಳು.

ಅದೇ 1965ರಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಪಾಕಿಸ್ತಾನದ ನೆಲಕ್ಕೆ ಬಿದ್ದರು: ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ನೆಲದ ಗುಂಡಿಗೆ ಸಿಕ್ಕಿತು, ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಕ್ಷೇಮವೆಂದು ಅವರು ಹೇಳಿಕಳಿಸಿದಾಗ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಉಪಚಾರ ಬೇಡ ಎಂಬ ಅರ್ಥದ ಉತ್ತರ ಕಾರ್ಯಪ್ಪನವರಿಂದ ಹೋಯಿತು. ನಂದಾ ಮರುವರ್ಷ ಬಿಡುಗಡೆಯಾಗಿ ಬಂದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಈ ಕಥೆ ಕರ್ನಾಟಕದಲ್ಲಿ ಮನೆಮಾತು. ಎರಡು ವಾರದ ಅಂತರದಲ್ಲಿ ಬಿದ್ದ ಇಬ್ಬರಲ್ಲಿ ಒಬ್ಬರದು ರೇಡಿಯೋದಲ್ಲಿ ಬಿತ್ತರವಾಯಿತು, ಇನ್ನೊಬ್ಬರದು ಯಾರ ಕಿವಿಗೂ ಬೀಳಲಿಲ್ಲ.

ಈಗ ಮಡಿಕೇರಿಯಲ್ಲಿ ದೇವಯ್ಯನವರ ಪ್ರತಿಮೆ ಇದೆ. ಹಿಂದಿ ಸಿನಿಮಾ ಕೂಡ ಬಂದಿದೆ, 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’. ಅದರಲ್ಲಿ ಅವರ ಪಾತ್ರಕ್ಕೆ ಟಿ. ಕೃಷ್ಣ ವಿಜಯ ಎಂದು ಹೆಸರಿಟ್ಟರು, ಅಜ್ಜಮಾಡ ಒಕ್ಕವೂ ಕೊಡಗೂ ಮಾಯವಾದವು. ಕೊಡಗಿನಲ್ಲಿ ಇದಕ್ಕೆ ಅಸಮಾಧಾನ ಕೇಳಿಬಂದದ್ದು ಸಹಜವೇ. 23 ವರ್ಷ ಹೆಸರಿಲ್ಲದ ಪೈಲಟ್ ಆಗಿದ್ದವರಿಗೆ ಹೆಸರು ಸಿಕ್ಕಿದ ಮೇಲೆ, ಸಿನಿಮಾದವರು ಅದನ್ನೇ ಬದಲಾಯಿಸಿದರೆ ಯಾರಿಗೆ ರುಚಿಸುತ್ತದೆ?

ಇನ್ನು ಅಮ್ಜದ್ ಹುಸೇನ್. ಅವನ ಕಥೆ 1965ಕ್ಕೆ ಮುಗಿಯಲಿಲ್ಲ. 1971ರ ಡಿಸೆಂಬರ್ 5ರಂದು ಅವನು ಮತ್ತೆ ಸ್ಟಾರ್‌ಫೈಟರ್ ಏರಿ ಅಮೃತಸರದ ರಾಡಾರ್ ಕೇಂದ್ರದ ಮೇಲೆ ದಾಳಿಗೆ ಬಂದ. ನಮ್ಮ ವಿಮಾನ ನಿರೋಧಕ ತೋಪುಗಳು ಅವನನ್ನು ಕೆಡವಿದವು. ಮತ್ತೊಮ್ಮೆ ಪ್ಯಾರಾಚೂಟಿನಲ್ಲಿ ಇಳಿದ, ಈ ಬಾರಿ ಭಾರತದ ನೆಲಕ್ಕೆ, ಯುದ್ಧಕೈದಿಯಾದ. ದೇವಯ್ಯನವರ ಕೊನೆಯ ಕಾದಾಟವನ್ನು ಎದುರಿನಿಂದ ಕಂಡಿದ್ದ ಏಕೈಕ ಪೈಲಟ್ ಹೀಗೆ ಭಾರತದ ವಶದಲ್ಲೇ ಇದ್ದು ಊರಿಗೆ ಮರಳಿದ. ಸಿನಿಮಾದವರು ಈ ಸಂಗತಿಯನ್ನು ಬಿಟ್ಟಿಲ್ಲ, ಕೈದಿಯ ವಿಚಾರಣೆಯ ಸುತ್ತಲೇ ಕಥೆ ಹೆಣೆದಿದ್ದಾರೆ. ದಾಖಲೆಯ ಇತಿಹಾಸ ಅಷ್ಟು ಚುರುಕಾಗಿ ಸಾಗಲಿಲ್ಲ. ಪದಕಕ್ಕೆ ಇನ್ನೂ ಹದಿನೇಳು ವರ್ಷ ಬಾಕಿಯಿತ್ತು.